ಒಂದನೇ ಅಧ್ಯಾಯದ ಕೋಳಿಗಳು

ನಮ್ಮ ಯಜಮಾನರು ನನ್ನನ್ನು ಮದುವೆಯಾಗಿದ್ದು ಕಸ್ಟಮ್ಸ್ ನಿಯಮದ ಪ್ರಕಾರ. ಇದು ನಾನು ಕಟ್ಟಿದ ಮಾತಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷವಾದಾಗ ಮಕ್ಕಳು ಮಾಡಿದ ಊಟದ ದಿನ ಅವರೇ ಮೈಕು ಹಿಡಿದು ಹೇಳಿದ್ದು. ಒಂದು ಸರಕನ್ನು ಸುಂಕದ ಪಟ್ಟಿಯ ಎರಡು ಮೂರು ಶೀರ್ಷಿಕೆಗಳಲ್ಲಿ ಯಾವುದಕ್ಕೆ ಬೇಕಾದರೂ ಹಾಕಬಹುದು, ಯಾವುದೂ ಇನ್ನೊಂದಕ್ಕಿಂತ ಹೆಚ್ಚಲ್ಲ ಅನ್ನಿಸಿದರೆ, ಪಟ್ಟಿಯಲ್ಲಿ ಕೊನೆಗೆ ಬರುವುದನ್ನೇ ಹಿಡಿಯಬೇಕಂತೆ. "ನಾನು ನೋಡಿದ ಹೆಣ್ಣುಗಳೆಲ್ಲ ಸಮಾನ ಅರ್ಹತೆಯವರೇ ಆಗಿದ್ದರು. ಜ್ವಾಲಾಮಾಲಿನಿ ಕೊನೆಯವಳಾಗಿದ್ದಳು" ಅಂದರು. ಊಟಕ್ಕೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಆ ದಿನ ಅವರ ಎಲೆಗೆ ಹೋಳಿಗೆ ಬಡಿಸಲಿಲ್ಲ.

ಅವರ ಹೆಸರು ನೇಮಿರಾಜಯ್ಯ. ಕರಾವಳಿಯ ಬಂದರಿನಲ್ಲಿ ಇಳಿಯುವ ಸರಕು ಯಾವ ಅಧ್ಯಾಯಕ್ಕೆ, ಯಾವ ಶೀರ್ಷಿಕೆಗೆ ಸೇರಿದ್ದು ಎಂದು ತೀರ್ಮಾನಿಸುವುದರಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ನಿವೃತ್ತರಾಗಿ ಚನ್ನರಾಯಪಟ್ಟಣದ ಮನೆಗೆ ಬಂದಮೇಲೆ ಬಂದರು ಇಲ್ಲವಲ್ಲ, ಅಡುಗೆಮನೆಗೇ ಕಣ್ಣು ಹಾಕಿದರು. ಶ್ಯಾವಿಗೆ ಉಪ್ಪಿಟ್ಟು ಮುಂದಿಟ್ಟರೆ, "ಇದರ ಮೂಲ ಲಕ್ಷಣ ಶ್ಯಾವಿಗೆಯದೋ ತರಕಾರಿಯದೋ?" ಎಂದು ಚಮಚದಲ್ಲಿ ಕೆದಕುತ್ತಾ ಕೂರುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹುಟ್ಟು ಗುಣ ಸುಟ್ಟರೂ ಹೋಗದು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಇಂಥ ಮನುಷ್ಯರ ಮನಸ್ಸಿನಲ್ಲಿ ಒಂದು ಹಳೇ ಗಾಯವಿತ್ತು. ಕೆಲಸದಲ್ಲಿದ್ದಾಗ ಒಂದು ಹಡಗಿನ ತುಂಬ ಕೊಬ್ಬಿನಾಮ್ಲದ ಎಸ್ಟರ್ ಬಂದಿತ್ತು. ತರಿಸಿದವರು, "ಇದು ಬರೀ ರಾಸಾಯನಿಕ ಸಾರ್, ಮೂವತ್ತೆಂಟು ಇಪ್ಪತ್ತನಾಲ್ಕನೇ ಶೀರ್ಷಿಕೆಗೆ ಹಾಕಿ" ಅಂದರು. ಇವರು, "ಇದು ಬಯೋಡೀಸೆಲ್, ಮೂವತ್ತೆಂಟು ಇಪ್ಪತ್ತಾರು" ಎಂದು ಪಟ್ಟು ಹಿಡಿದರು. ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಕೊನೆಗೆ ಲ್ಯಾಬಿನಲ್ಲಿ ಆ ಎಸ್ಟರ್ ಎರಡು ಪರೀಕ್ಷೆಯಲ್ಲಿ ಫೇಲಾಗಿದ್ದು ಹೊರಬಿತ್ತು. ಗುಣಮಟ್ಟದ ಪರೀಕ್ಷೆಯಲ್ಲಿ ಪಾಸಾಗದ ಎಸ್ಟರನ್ನು ಬಯೋಡೀಸೆಲ್ ಎಂದು ಕರೆಯುವ ಹಾಗಿಲ್ಲ ಎಂದು ತೀರ್ಪು ಬಂತು. ಸೋತರು. ಅಂದಿನಿಂದ ನಮ್ಮ ಮನೆಯಲ್ಲಿ ಎಸ್ಟರ್ ಎಂಬ ಪದ ಎತ್ತುವ ಹಾಗಿರಲಿಲ್ಲ. ನಾನು ಹೊಳೆನರಸೀಪುರದ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದವಳು. ಎಸ್ಟರ್ ಅನ್ನದೆ ಹೇಗೆ ಬದುಕಲಿ?

ಎಸ್ಟರ್ ಎಂದರೆ ಏನೆಂದು ಕ್ಲಾಸಿನಲ್ಲಿ ನಾನು ಸಂಸಾರದ ಕತೆಯ ಹಾಗೇ ಹೇಳುತ್ತಿದ್ದೆ. ಅಡುಗೆ ಎಣ್ಣೆಯಲ್ಲಿ ಕೊಬ್ಬಿನಾಮ್ಲ ಮತ್ತು ಗ್ಲಿಸರಿನ್ ಗಂಡ ಹೆಂಡಿರ ಹಾಗೆ ಇರುತ್ತವೆ. ಮೆಥನಾಲ್ ಸುರಿದು, ಒಂದಿಷ್ಟು ಕಾಸ್ಟಿಕ್ ಹಾಕಿ, ಹದವಾಗಿ ಬಿಸಿ ಮಾಡಿ ಕಲಕಿದರೆ ಕೊಬ್ಬಿನಾಮ್ಲ ಕಟ್ಟಿಕೊಂಡವಳನ್ನು ಬಿಟ್ಟು ಮೆಥನಾಲ್ ಹಿಂದೆ ಹೋಗುತ್ತದೆ. ಹೊಸ ಜೋಡಿಯ ಹೆಸರು ಎಸ್ಟರ್, ಅದು ಮೇಲೆ ತೇಲುತ್ತದೆ. ಗ್ಲಿಸರಿನ್ ತಳದಲ್ಲಿ ಕೂತಿರುತ್ತದೆ. ತೇಲಿದ್ದನ್ನು ನೀರಲ್ಲಿ ತೊಳೆದು ಆರಿಸಿದರೆ ಡೀಸೆಲ್ ಗಾಡಿಗೆ ಹಾಕಬಹುದು. ಹಿಂದಿನ ಬೆಂಚಿನ ಹುಡುಗರಿಗೂ ಇದು ಮರೆಯುತ್ತಿರಲಿಲ್ಲ. ಮೇಘಶ್ರೀಗಂತೂ ಅದೇ ಹುಚ್ಚಾಯಿತು.

ಮೇಘಶ್ರೀ ಹಳೇಕೋಟೆಯ ರಂಗಸ್ವಾಮಿಯವರ ಮಗಳು, ನನ್ನ ಶಿಷ್ಯೆ. ಪ್ರಾಕ್ಟಿಕಲ್ ದಿನ ನನ್ನ ಸೀರೆ ಸೆರಗು ಸುಟ್ಟವಳು, ಆದರೂ ನನಗೆ ಆ ಹುಡುಗಿಯೆಂದರೆ ಪ್ರಾಣ. ಓದು ಮುಗಿಸಿ ಊರಲ್ಲೇ ನಿಂತಳು. ಅಪ್ಪನ ಆಲೂಗಡ್ಡೆ ಶೆಡ್ಡು ಖಾಲಿ ಬಿದ್ದಿತ್ತು, ಅದರಲ್ಲಿ ಎರಡು ಟ್ಯಾಂಕು, ಒಂದು ಮೋಟರು ಕೂಡಿಸಿ ಬಯೋಡೀಸೆಲ್ ಮಾಡಲು ಶುರುಮಾಡಿದಳು. ಹಾಸನದ ಬೇಕರಿ, ಬಜ್ಜಿ ಗಾಡಿಗಳಿಂದ ಕರಿದು ಬಿಟ್ಟ ಎಣ್ಣೆ ತರುವಳು. ಬೇಸಿಗೆಯಲ್ಲಿ ಹೊಂಗೆ ಬೀಜ ಉದುರಿದಾಗ ಹೊಂಗೆ ಎಣ್ಣೆ. ಮಾಡುವುದೇನೋ ಚೆನ್ನಾಗಿಯೇ ಮಾಡುತ್ತಿದ್ದಳು. ಕೊಳ್ಳುವವರು ಮಾತ್ರ ಇವತ್ತು ಒಬ್ಬರು, ನಾಳೆ ಇನ್ನೊಬ್ಬರು.

ಮಾಘ ಮಾಸದಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಸೋಫಾ ತುದಿಯಲ್ಲಿ ಕೂತಳು. ಮುಖ ಬಾಡಿತ್ತು.

"ಮೇಡಂ, ನಮ್ಮಪ್ಪ ಗಡುವು ಕೊಟ್ಬುಟ್ಟವ್ರೆ. ಯುಗಾದಿ ಒಳ್ಗೆ ಒಬ್ಬ ಕಾಯಂ ಗಿರಾಕಿ ತೋರಿಸ್ಬೇಕಂತೆ. ಇಲ್ದಿದ್ರೆ ಶೆಡ್ಡಿಗೆ ಕೋಳಿ ಬುಡ್ತಾರಂತೆ."

"ಕೋಳಿನಾ?"

"ಫಾರಂ ಮೇಡಂ. ಮೂರು ಸಾವಿರ ಕೋಳಿ. ಶೆಡ್ಡಿನ ಅಳತೆ ತಕ್ಕೊಂಡೋಗಿ ಎಲ್ಲಾ ಮಾತಾಡವ್ರೆ." ಅವಳ ಕಣ್ಣು ತುಂಬಿಬಂತು. "ನನ್ನ ಟ್ಯಾಂಕನ್ನ ಕೋಳಿಗೆ ನೀರಿಡಕ್ಕೆ ಮಡಿಕ್ಕತಾರಂತೆ."

ಒಳಗಿಂದ ಯಜಮಾನರ ಕೆಮ್ಮು ಕೇಳಿಸಿತು. ಎಸ್ಟರ್ ಮಾತು ಬಂದರೆ ಅವರು ಕದ್ದು ಕೇಳುತ್ತಾರೆ.

ಆಗ ನನಗೆ ಹೊಳೆದದ್ದು ಬಸ್ಸು. ನಮ್ಮ ಜೈನ ಸಮಾಜಕ್ಕೆ ಒಂದು ಯಾತ್ರಾ ಬಸ್ಸಿದೆ. ಶ್ರವಣಬೆಳಗೊಳಕ್ಕೆ, ಹಾಸನದ ಬಸದಿಗೆ, ಮದುವೆ ಮುಂಜಿಗೆ ದಿನವೂ ಓಡುತ್ತದೆ. ಅದರ ಸಮಿತಿಗೆ ಅಧ್ಯಕ್ಷರು ಸಾಕ್ಷಾತ್ ನಮ್ಮವರೇ. ಹೇಳಿದ ತಕ್ಷಣ, "ಗುಣಮಟ್ಟ ಇದ್ದರೆ ಸರಿ" ಎಂದು ಬಾಗಿಲ ಹಿಂದಿನಿಂದಲೇ ತೀರ್ಪು ಬಂತು.

ಆದರೆ ಸಮಿತಿಯಲ್ಲಿ ಪಾತ್ರೆ ಅಂಗಡಿ ಜಿತೇಂದ್ರನೂ ಇದ್ದ. ಗಾಳಿ ಬಂದರೂ ಯಾವ ದಿಕ್ಕಿನಿಂದ ಬಂತು ಎಂದು ವಿಚಾರಿಸಿಯೇ ಉಸಿರಾಡುವ ಜಾತಿ. "ನೇಮಣ್ಣ, ಉಪವಾಸದವರು ಕೂರೋ ಬಸ್ಸು. ಯಾರ್ಯಾರೋ ಏನೇನೋ ಕರಿದ ಎಣ್ಣೆಯಲ್ಲಿ ಓಡಿಸೋದಾ?" ಎಂದ. ಹೀಗಾಗಿ ಎರಡು ಷರತ್ತು ಬಂದವು. ಒಂದು, ಲ್ಯಾಬಿನಲ್ಲಿ ಎಲ್ಲ ಪರೀಕ್ಷೆ ಪಾಸಾಗಬೇಕು. ಎರಡು, ಬಸ್ಸಿಗೆ ಹಾಕುವ ಡೀಸೆಲ್ ಹೊಂಗೆ ಎಣ್ಣೆಯಿಂದ, ಇಲ್ಲವೇ ನಮ್ಮ ಸಮಾಜದವರ ಅಡುಗೆಯ ಎಣ್ಣೆಯಿಂದಲೇ ಆಗಬೇಕು. ಈರುಳ್ಳಿ ಬೆಳ್ಳುಳ್ಳಿ ಇರಕೂಡದು, ಗಡ್ಡೆ ಗೆಣಸು ಇರಕೂಡದು, ಇನ್ನು ಮಿಕ್ಕಿದ್ದಂತೂ ಬಾಯಲ್ಲಿ ಹೇಳಲೂ ಬಾರದು. ಹಾಗೆಂದು ಮೇಘಶ್ರೀ ಬರೆದು ಸಹಿ ಹಾಕಿದಳು. ನಮ್ಮವರು ಅದಕ್ಕೆ "ಘೋಷಣೆ" ಎಂದು ಹೆಸರಿಟ್ಟು ಪ್ಲಾಸ್ಟಿಕ್ ಕವರಿಗೆ ಹಾಕಿದರು. ಸರ್ವಿಸಿನಲ್ಲಿ ಸುಳ್ಳು ಘೋಷಣೆ ಕೊಟ್ಟ ಒಬ್ಬನನ್ನೂ ಬಿಟ್ಟವರಲ್ಲ ಎಂದು ಅವಳಿಗೆ ಎರಡು ಸಲ ಹೇಳಿದರು. ಅವಳು ಎರಡು ಸಲವೂ ತಲೆಯಾಡಿಸಿದಳು.

ಹೊಂಗೆ ಬೀಜ ಇನ್ನೂ ಮರದ ಮೇಲೇ ಇತ್ತು. ಸರಿ, ನಾನು ಕ್ಯಾನು ಹಿಡಿದು ನಮ್ಮ ಸಮಾಜದವರ ಮನೆ ಮನೆಗೆ ಹೊರಟೆ. ಹೋದಮೇಲೇ ಗೊತ್ತಾಗಿದ್ದು, ನಮ್ಮ ಹೆಂಗಸರ ಬಾಣಲೆಯಲ್ಲಿ ಎಣ್ಣೆ ಉಳಿಯುವುದೇ ಇಲ್ಲ ಎಂದು. ಇವತ್ತು ಹಪ್ಪಳ ಕರಿದರೆ ನಾಳೆ ಅದೇ ಎಣ್ಣೆ ಚಿತ್ರಾನ್ನದ ಒಗ್ಗರಣೆಗೆ, ಉಳಿದರೆ ದೋಸೆ ಕಾವಲಿಗೆ. ಒಬ್ಬರು ಒಂದು ಲೋಟ ಕೊಟ್ಟರು, ಒಬ್ಬರು ಅರ್ಧ ಲೋಟ ಕೊಟ್ಟು ಲೋಟ ವಾಪಸು ಕೇಳಿದರು. ಒಂದು ಮದುವೆ ಮನೆಯಿಂದ ಒಂದು ಕ್ಯಾನು ಸಿಕ್ಕಿತು. ಎಲ್ಲ ಸೇರಿಸಿದರೂ ಹಳೇಕೋಟೆಯ ಡ್ರಮ್ಮಿನ ಸೊಂಟಕ್ಕೂ ಬರಲಿಲ್ಲ. ಮೇಘಶ್ರೀ ಹಾಸನಕ್ಕೆ ಮೆಥನಾಲ್ ತರಲು ಹೋದಳು. ವಾಪಸು ಬಂದು ನೋಡಿದರೆ ಡ್ರಮ್ಮು ಭರ್ತಿ.

"ಯಾರಪ್ಪಾ ತುಂಬ್ಸಿದ್ದು?" ಎಂದು ಕೇಳಿದ್ದಕ್ಕೆ ರಂಗಸ್ವಾಮಿ, "ಮೇಡಮ್ಮೋರ ಕಡೆಯಿಂದ ಬಂತು ಕಣವ್ವ" ಅಂದರಂತೆ. ಅವಳು ನಂಬಿದಳು. ನಾನು ಇನ್ನೂ ಯಾರೋ ಪುಣ್ಯಾತ್ಮರನ್ನು ಹಿಡಿದಿದ್ದೇನೆ ಅಂದುಕೊಂಡಳು. ನಾನಾದರೋ ಅವಳೇ ಎಲ್ಲೋ ಹೊಂದಿಸಿಕೊಂಡಳು ಅಂದುಕೊಂಡೆ. ಇಬ್ಬರೂ ಒಂದು ಫೋನ್ ಮಾಡಲಿಲ್ಲ. ಬುದ್ಧಿ ಇದ್ದವರು ಮಾಡುವ ಕೆಲಸ ಅಲ್ಲ ಇದು.

ಆ ಡ್ರಮ್ಮಿನಿಂದ ಆದ ಡೀಸೆಲ್ಲಿನ ಒಂದು ಬಾಟಲಿ ಬೆಂಗಳೂರಿನ ಲ್ಯಾಬಿಗೆ ಹೋಯಿತು. ವರದಿ ಬಂದ ದಿನ ನಮ್ಮವರು ಮಗುವಿನ ಎಸ್ಸೆಸ್ಸೆಲ್ಸಿ ರಿಸಲ್ಟ್ ಓದುವ ಹಾಗೆ ಹಜಾರದಲ್ಲಿ ನಿಂತು ಗಟ್ಟಿಯಾಗಿ ಓದಿದರು. "ಎಸ್ಟರ್ ಅಂಶ ನೂರಕ್ಕೆ ತೊಂಬತ್ತಾರೂವರೆ ಇರಬೇಕು, ತೊಂಬತ್ತೆಂಟಿದೆ! ನೀರಿನಂಶ, ಪಾಸು! ಆಮ್ಲ, ಪಾಸು! ಎಷ್ಟು ಕಾವಿಗೆ ಹೊತ್ತಿಕೊಳ್ಳತ್ತೆ ಅನ್ನೋದು, ಪಾಸು!" ಕನ್ನಡಕ ತೆಗೆದು ಒರೆಸಿಕೊಂಡರು. ಬಂದರಿನಲ್ಲಿ ಅವರಿಗೆ ಸಿಗದೇ ಹೋದ ಬಯೋಡೀಸೆಲ್ ಹಳೇಕೋಟೆಯ ಆಲೂಗಡ್ಡೆ ಶೆಡ್ಡಿನಲ್ಲಿ ಸಿಕ್ಕಿತ್ತು. "ಜ್ವಾಲಾ, ಇದು ಪಕ್ಕಾ ಮೂವತ್ತೆಂಟು ಇಪ್ಪತ್ತಾರು ಕಣೇ" ಎಂದು ವರದಿಯನ್ನು ನನ್ನ ಕೈಗಿತ್ತರು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಫಾಲ್ಗುಣದ ಎಂಟು ದಿನದ ಅಷ್ಟಾಹ್ನಿಕ ಪರ್ವದಲ್ಲಿ ಪರೀಕ್ಷಾ ಓಡಾಟ ಎಂದು ಗೊತ್ತುಮಾಡಿದೆವು. ಚನ್ನರಾಯಪಟ್ಟಣದಿಂದ ಹಾಸನದ ಬಸದಿಗೆ ಪೂಜೆಗೆ ಹೋಗಿ ಬರುವುದು. ಬಸ್ಸಿನ ತುಂಬ ಉಪವಾಸದವರು. ಟ್ಯಾಂಕಿನ ತುಂಬ ಹಳೇಕೋಟೆಯ ಡೀಸೆಲ್. ಡ್ರೈವರ್ ಅರಕಲಗೂಡಿನ ಕುಮಾರ್ ಗಾಡಿ ಶುರುಮಾಡಿ, "ಎಂಜಿನ್ ಬೆಣ್ಣೆ ಅಂಗೆ ಓಡ್ತೈತೆ ಸಾ" ಅಂದ. ನಮ್ಮವರು ಮುಂದಿನ ಸೀಟಿನಲ್ಲಿ ಎದೆಯುಬ್ಬಿಸಿ ಕೂತರು.

ಊರು ದಾಟುವವರೆಗೆ ಏನೂ ಇರಲಿಲ್ಲ. ಆಮೇಲೆ ಗಾಳಿ ಹಿಂದಿನಿಂದ ಬೀಸಲು ಶುರುವಾಯಿತು. ಗಾಡಿ ನಿಧಾನವಾದಾಗೆಲ್ಲ ಹೊಗೆಯ ವಾಸನೆ ಕಿಟಕಿಯಿಂದ ಒಳಗೆ ಬರತೊಡಗಿತು. ವಾಸನೆ ಅನ್ನಬಾರದು, ಘಮ. ಏನೋ ಕರಿಯುತ್ತಿರುವ, ಮಸಾಲೆ ಬೆರೆತ, ಹೊಟ್ಟೆಯೊಳಗೆ ಕೈ ಹಾಕಿ ಕರುಳು ಹಿಂಡುವಂಥ ಘಮ.

"ಯಾರೋ ಅಂಬೊಡೆ ಕರೀತಿದ್ದಾರೆ" ಎಂದರು ಜಿನಶ್ರೀ ಅಜ್ಜಿ, ಕಣ್ಣು ಮುಚ್ಚಿಕೊಂಡು. ಎಂಬತ್ತು ದಾಟಿದ ಜೀವ, ಹಿಂದಿನ ದಿನದಿಂದ ನೀರೂ ಮುಟ್ಟಿರಲಿಲ್ಲ.

"ಅಂಬೊಡೆ ಅಲ್ಲಜ್ಜಿ, ಕೋಡುಬಳೆ" ಎಂದರು ಹಿಂದಿನವರು.

ಕೊನೇ ಸೀಟಿನಲ್ಲಿದ್ದ ಜಿತೇಂದ್ರನಿಗೆ ಹೊಗೆ ಎಲ್ಲರಿಗಿಂತ ಹೆಚ್ಚು ಬಡಿಯುತ್ತಿತ್ತು. ಅವನು ಮೂಗರಳಿಸಿ ಎಳೆದುಕೊಂಡು, "ಏನೇ ಆಗಲಿ, ದಿವ್ಯವಾಗಿದೆ" ಅಂದ. ಇನ್ನೊಂದು ಸಲ ಎಳೆದುಕೊಂಡ. ಯಾರ ಬ್ಯಾಗಿನಲ್ಲಿ ತಿಂಡಿ ಇದೆ ಎಂದು ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡತೊಡಗಿದರು. ನಮ್ಮವರು ಎದ್ದು ನಿಂತು, ಅದು ಹತ್ತೊಂಬತ್ತನೇ ಅಧ್ಯಾಯದ ಹಿಟ್ಟಿನ ತಿಂಡಿಯೋ ಇಪ್ಪತ್ತೊಂದನೆಯ ಇತರೆ ತಿನಿಸೋ ಎಂದು ವಿಚಾರಣೆ ಶುರುಮಾಡಿದರು. ಎಲ್ಲರ ಹೊಟ್ಟೆ ಒಟ್ಟಿಗೆ ಗುರ್ ಅನ್ನುತ್ತಿತ್ತು.

ಶಾಂತಿಗ್ರಾಮದ ಹತ್ತಿರ ಕುಮಾರ್ ಗಾಡಿ ನಿಲ್ಲಿಸಿದ. ನಿಲ್ಲಿಸದೆ ವಿಧಿಯಿರಲಿಲ್ಲ, ಸುತ್ತ ನಾಯಿಗಳು. ಕರಿ, ಬಿಳಿ, ಕಂದು, ಕುಂಟ, ಬಾಲ ಇದ್ದವು, ಇಲ್ಲದವು, ಎಲ್ಲವೂ ಹೊಗೆ ಕೊಳವೆಯ ಮುಂದೆ ಸೇರಿ ಬಾಲ ಆಡಿಸುತ್ತಿದ್ದವು. ಒಂದು ನಾಯಿ ಕೊಳವೆಯನ್ನು ನೆಕ್ಕಲು ಹೋಗಿ ನಾಲಿಗೆ ಸುಟ್ಟುಕೊಂಡು ಕುಂಯ್ ಎಂದು ಕೂಗಿತು, ಮತ್ತೆ ನೆಕ್ಕಿತು.

ಕುಮಾರ್ ತಲೆ ಕೆರೆದುಕೊಂಡ. "ಸಾ, ಏಳ್ಲೋ ಬ್ಯಾಡ್ವೋ ಅಂತಿದ್ದೆ. ಇದು ಅಂಬೊಡೆನೂ ಅಲ್ಲ, ಕೋಡುಬಳೆನೂ ಅಲ್ಲ. ಬೀಗರೂಟದ ಕಬಾಬು ಕಣ್ ಸಾ. ಕೋಳಿ ಕಬಾಬು."

ಮುಂದಿನ ಕ್ಷಣದಲ್ಲಿ ಎಲ್ಲರ ಸೆರಗು, ಟವೆಲು, ಕರ್ಚೀಫು ಮೂಗಿಗೆ ಹೋದವು. ಅಜ್ಜಿ ಣಮೋಕಾರ ಮಂತ್ರ ಶುರುಮಾಡಿದರು. ಜಿತೇಂದ್ರ ಕಿಟಕಿಯಿಂದ ಹೊರಗೆ ಬಾಗಿ, ಒಳಗೆಳೆದುಕೊಂಡ ಗಾಳಿಯನ್ನೆಲ್ಲ ಹೊರಗೆ ಹಾಕುವವನ ಹಾಗೆ ಉಫ್ ಉಫ್ ಎಂದು ಊದತೊಡಗಿದ. ನಮ್ಮವರು ಚೀಲದಿಂದ ಘೋಷಣೆಯ ಕವರು ಹೊರತೆಗೆದರು. ಅವರ ಮುಖ ನೋಡಿ ನನಗೆ ಭಯವಾಯಿತು.

ಯಾತ್ರಿಗಳನ್ನೆಲ್ಲ ಸರ್ಕಾರಿ ಬಸ್ಸಿಗೆ ಹತ್ತಿಸಿ ಹಾಸನಕ್ಕೆ ಕಳಿಸಿದೆವು. ನಾವು ಮೂವರು, ನಾನು, ನಮ್ಮವರು, ಜಿತೇಂದ್ರ, ಅದೇ ಬಸ್ಸಿನಲ್ಲಿ ನೇರ ಹಳೇಕೋಟೆಗೆ ಹೊರಟೆವು. ದಾರಿಯುದ್ದಕ್ಕೂ ಒಂದೊಂದು ಊರಿನ ನಾಯಿಗಳು ತಮ್ಮ ಗಡಿಯವರೆಗೆ ಬಂದು ಬೀಳ್ಕೊಡುತ್ತಿದ್ದವು.

ರಂಗಸ್ವಾಮಿ ಶೆಡ್ಡಿನ ಮುಂದೆಯೇ ಇದ್ದರು. ಬಸ್ಸು ನಿಂತ ಮೇಲೆ ಒಂದು ಸಲ ಗಾಳಿ ಮೂಸಿದರು, ಮುಖ ಅರಳಿತು.

"ಅಲೆಲೆ! ನಮ್ ಭಾಮೈದನ ಮನೆ ಕಬಾಬು! ನೋಡಿ ಸಾ, ಎಂಗೈತೆ! ಕೊರವಂಗಲದ ಅಡ್ಗೆ ಈಶ್ವರಯ್ಯನ ಕೈ ಮಸಾಲೆ. ಸುಟ್ರೂ ಓಗಿಲ್ಲ!"

ಶೆಡ್ಡಿನೊಳಗಿಂದ ಓಡಿಬಂದ ಮೇಘಶ್ರೀ ಅಲ್ಲೇ ಕಲ್ಲಾಗಿ ನಿಂತಳು. "ಅಪ್ಪಾ, ಏನ್ ಮಾಡ್ದೆ ನೀನು?"

"ಏನ್ ಮಾಡ್ದೆ? ಎಣ್ಣೆ ಸಾಲ್ದು ಅಂತ ನೀನು ಮೋರೆ ಸಣ್ಣಗ್ ಮಾಡ್ಕಂಡಿದ್ದೆ. ಹರದನಹಳ್ಳೀಲಿ ಭಾಮೈದನ ಮನೆ ಬೀಗರೂಟ ಆಗಿತ್ತು, ಏಳೆಂಟು ಡಬ್ಬ ಎಣ್ಣೆ ಉಳ್ದಿತ್ತು. ತಂದು ಆಕ್ಬುಟ್ಟೆ. ಸುಮ್ನೆ ಆಕ್ಲಿಲ್ಲ ಕಣವ್ವ, ನನ್ ಮಡಿ ಪಂಚೇಲಿ ಸೋಸಿವ್ನಿ. ಒಂದು ಚೂರು ತುಂಡು ಇಲ್ಲ." ನಮ್ಮವರ ಕಡೆ ತಿರುಗಿದರು. "ಬೆಂಕಿಗೆ ಬಿದ್ಮೇಕೆ ಎಲ್ಲಾ ಎಣ್ಣೆನೂ ಒಂದೇ ಅಲ್ವಾ ಸಾ?"

ಪಂಚೆಯಲ್ಲಿ ಸೋಸಿದರೆ ಕೋಳಿಯೇನೋ ಹೋಗುತ್ತದೆ, ಕೋಳಿಯ ಕೊಬ್ಬು ಎಲ್ಲಿ ಹೋಗುತ್ತದೆ? ಆದರೆ ಆ ಮನುಷ್ಯನ ಮುಖ ನೋಡಿದರೆ ಬೈಯಲು ಮನಸ್ಸು ಬಾರದು. ಒಂದು ಕಡೆ ಮಗಳ ಶೆಡ್ಡು ಮುಚ್ಚಿಸಲು ಹೊರಟವರು, ಇನ್ನೊಂದು ಕಡೆ ಅವಳ ಡ್ರಮ್ಮು ತುಂಬಿಸಲು ಡಬ್ಬ ಹೊತ್ತವರು. ಅವರಿಗೆ ಅದರಲ್ಲಿ ಏನೂ ವಿರೋಧ ಕಂಡಿರಲಿಲ್ಲ.

ಜಿತೇಂದ್ರ ಕೈ ಕೊಡವಿದ. "ಮುಗೀತು ನೇಮಣ್ಣ. ಷರತ್ತು ಮುರಿದಿದೆ. ಇನ್ನು ಈ ಕಡೆ ತಲೆ ಹಾಕೋದು ಬೇಡ."

"ದಿವ್ಯವಾಗಿದೆ ಅಂದಿದ್ದು ಯಾರಪ್ಪಾ?" ಎಂದೆ ನಾನು.

ಅವನು ಕೆಂಪಾದ. "ಅದು ಗೊತ್ತಿಲ್ಲದೆ ಅಂದಿದ್ದು ಅಕ್ಕಾ."

"ಇವಳೂ ಗೊತ್ತಿಲ್ಲದೆ ಸಹಿ ಹಾಕಿದ್ದು."

ನಮ್ಮವರು ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂತು ಒಂದು ತೊಡೆಯ ಮೇಲೆ ಲ್ಯಾಬ್ ವರದಿ, ಇನ್ನೊಂದರ ಮೇಲೆ ಪ್ಲಾಸ್ಟಿಕ್ ಕವರಿನ ಘೋಷಣೆ ಇಟ್ಟುಕೊಂಡರು. ಎರಡನ್ನೂ ಓದಿ ಮುಗಿಸಿ ಬಾಯಿಬಿಟ್ಟರು. "ಸುಂಕದ ಪಟ್ಟಿಯ ಪ್ರಕಾರ ಇದು ಬಯೋಡೀಸೆಲ್ಲೇ. ಸಸ್ಯದ ಕೊಬ್ಬೋ ಪ್ರಾಣಿಯ ಕೊಬ್ಬೋ, ಒಂದು ಸಲ ಕರಿದದ್ದೋ ಅಲ್ಲವೋ, ಶೀರ್ಷಿಕೆಗೆ ವ್ಯತ್ಯಾಸ ಇಲ್ಲ. ಒಂದು ದೃಷ್ಟಿಯಿಂದ ಒಪ್ಪಬಹುದು. ಘೋಷಣೆಯ ದೃಷ್ಟಿಯಿಂದ ಒಪ್ಪಲಾಗದು. ಎರಡೂ ದೃಷ್ಟಿಯಿಂದ ನೋಡಿದರೆ..."

ಯಾವುದನ್ನೂ ಹಲವು ದೃಷ್ಟಿಯಿಂದ ನೋಡಬೇಕೆನ್ನುವ ನಮ್ಮ ಜೈನರ ಸ್ಯಾದ್ವಾದ ದೊಡ್ಡ ತತ್ತ್ವ, ನನಗೂ ಗೌರವವಿದೆ. ಆದರೆ ಆ ಹುಡುಗಿ ಅಲ್ಲಿ ತುಟಿ ಕಚ್ಚಿಕೊಂಡು ನಿಂತಿರುವಾಗ ಇವರು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾ ಕೂತರೆ ಯಾರಿಗೆ ಸಿಟ್ಟು ಬರುವುದಿಲ್ಲ?

"ಇಷ್ಟು ದಿನ ಬಸ್ಸು ಯಾವುದರಲ್ಲಿ ಓಡ್ತಿತ್ತು?" ಎಂದೆ. "ಬಂಕಿನ ಡೀಸೆಲ್ ಏನು ಆಕಾಶದಿಂದ ಬಿತ್ತಾ? ಅದೂ ಕೋಟಿ ವರ್ಷದ ಹಿಂದೆ ಸತ್ತು ಹೂತುಹೋದ ಜೀವರಾಶಿಯೇ."

"ಅದು ತಾನಾಗಿ ಸತ್ತದ್ದು ಅಕ್ಕಾ" ಎಂದ ಜಿತೇಂದ್ರ. ಅವನ ಹತ್ತಿರ ಎಲ್ಲಕ್ಕೂ ಉತ್ತರ ಇರುತ್ತದೆ.

ಯಜಮಾನರು ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. "ಸುಳ್ಳು ಘೋಷಣೆ, ಜ್ವಾಲಾ. ಗೊತ್ತಿದ್ದು ಮಾಡಿದರೂ ಸುಳ್ಳು, ಗೊತ್ತಿಲ್ಲದೆ ಮಾಡಿದರೂ ಸುಳ್ಳು. ಸರ್ವಿಸಿನಲ್ಲಿ ಒಬ್ಬರನ್ನೂ ಬಿಟ್ಟಿಲ್ಲ. ನಿನ್ನ ಕೈಯಲ್ಲಿ ಓದಿದವಳು, ನಿನ್ನ ಶಿಷ್ಯೆ ಅಂತ ಬಿಟ್ಟರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಏನು?" ಅವರಿಗೂ ಇಷ್ಟವಿರಲಿಲ್ಲ. ಆದರೂ 'ತಿರಸ್ಕೃತ' ಎಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದೇಬಿಟ್ಟರು.

ಮೇಘಶ್ರೀ ಒಳಗೆ ಹೋಗಿ ಮೋಟರಿನ ಸ್ವಿಚ್ಚು ಆರಿಸಿದಳು. ಸದ್ದು ನಿಂತಿತು. ಆಗ ಶೆಡ್ಡಿನ ಮೂಲೆಯಿಂದ ಬೇರೆಯೇ ಒಂದು ಸದ್ದು ಕೇಳಿಸಿತು. ಚಿಯ್ ಚಿಯ್ ಚಿಯ್.

"ಏನದು?" ಎಂದರು ನಮ್ಮವರು.

ರಂಗಸ್ವಾಮಿ ಸಂಕೋಚದಿಂದ ಒಂದು ರಟ್ಟಿನ ಡಬ್ಬ ಎತ್ತಿಕೊಂಡು ಬಂದರು. ಒಳಗೆ ಹಳದಿ ಬಣ್ಣದ ಕೋಳಿಮರಿಗಳು ಒಂದರ ಮೇಲೊಂದು ಬೀಳುತ್ತಿದ್ದವು. "ಮಾದರಿಗೆ ಅಂತ ತಂದಿದ್ದೆ ಸಾ. ಮಿಕ್ಕಿದ್ದು ಯುಗಾದಿ ಕಳುದ್ಮೇಕೆ ಬತ್ತವೆ. ಈಗ ನೀವು ಬ್ಯಾಡ ಅಂದ್ಮೇಲೆ ನಾಳೀಕೇ ತರ್ಸದು."

ಮರಿಯೊಂದು ಡಬ್ಬದ ಅಂಚಿಗೆ ಕುತ್ತಿಗೆ ಚಾಚಿ ನಮ್ಮವರ ಪೆನ್ನಿನ ಮುಚ್ಚಳ ಕುಕ್ಕಿತು.

ನನಗೆ ತಟ್ಟನೆ ಹೊಳೆಯಿತು. "ರೀ, ಕೋಳಿಮರಿ ಯಾವ ಅಧ್ಯಾಯ?"

"ಒಂದನೇ ಅಧ್ಯಾಯ, ಜೀವಂತ ಪ್ರಾಣಿಗಳು. ಸೊನ್ನೆ ಒಂದು ಸೊನ್ನೆ ಐದು" ಎಂದರು ತಲೆಯೆತ್ತದೆ. ಕೇಳಿದರೆ ಸಾಕು, ಬಾಯಿ ತಾನಾಗಿ ಹೇಳುತ್ತದೆ.

"ಇಲ್ಲಿ ಬೆಳೆದು ಬಲಿತಮೇಲೆ?"

"ಎರಡನೇ ಅಧ್ಯಾಯ, ಮಾಂಸ. ಸೊನ್ನೆ ಎರಡು ಸೊನ್ನೆ..."

ಏಳು ಎಂಬ ಮಾತು ಹೊರಗೆ ಬರಲಿಲ್ಲ. ಅವರು ಪೆನ್ನು ನೋಡಿದರು, ಮರಿ ನೋಡಿದರು, ಉದ್ದಕ್ಕೆ ಚಾಚಿಕೊಂಡ ಶೆಡ್ಡು ನೋಡಿದರು. ಅಷ್ಟು ಉದ್ದದ ಶೆಡ್ಡಿಗೆ ಎಷ್ಟು ಕೋಳಿ ಹಿಡಿಸುತ್ತದೆ ಎಂದು ಲೆಕ್ಕ ಹಾಕಲು ಬಾರದವರೇನಲ್ಲ. ಜೀವಮಾನವೆಲ್ಲ ಸರಕು ಯಾವ ಅಧ್ಯಾಯದಲ್ಲಿದೆ ಎಂದು ಹೇಳಿದ್ದರೇ ಹೊರತು, ತಮ್ಮ ಒಂದು ಸಹಿಯಿಂದ ಒಂದನೇ ಅಧ್ಯಾಯದ್ದು ಎರಡನೆಯದಕ್ಕೆ ಹೋಗುವುದನ್ನು ಕಂಡವರಲ್ಲ. ಜಿತೇಂದ್ರ ಕೂಡ ಡಬ್ಬದೊಳಗೆ ಇಣುಕುತ್ತಿದ್ದ.

ನಮ್ಮವರು ಗಂಟಲು ಸರಿಮಾಡಿಕೊಂಡು ಎದ್ದರು. ಬಂದರಿನಲ್ಲಿ ಆದೇಶ ಓದುತ್ತಿದ್ದದ್ದು ಹೀಗೆಯೇ ಇರಬೇಕು.

"ಘೋಷಣೆ ಕೊಟ್ಟವಳು ಮೇಘಶ್ರೀ, ಬೆರಕೆ ಮಾಡಿದವರು ರಂಗಸ್ವಾಮಿ. ಆದ್ದರಿಂದ ದಂಡ ರಂಗಸ್ವಾಮಿಗೆ. ಒಂದು, ಈ ಡೀಸೆಲ್ ಯಾತ್ರಾ ಬಸ್ಸಿಗೆ ಬೇಡ, ಅವರೇ ತಮ್ಮ ಟಿಲ್ಲರಿಗೆ ಹಾಕಿಕೊಂಡು ಮುಗಿಸಬೇಕು. ಎರಡು, ಶೆಡ್ಡಿನ ಬೀಗದ ಕೈ ಮಗಳ ಹತ್ತಿರ ಇರಬೇಕು, ಅಪ್ಪ ಹೊಸ್ತಿಲು ದಾಟಕೂಡದು. ಮೂರು, ಹೊಂಗೆ ಬೀಜ ಉದುರಿದ ಮೇಲೆ ಸಮಾಜದ ಬಸ್ಸಿಗೆ ವರ್ಷವಿಡೀ ಇಲ್ಲಿಂದಲೇ ಹೊಂಗೆ ಡೀಸೆಲ್. ಪ್ರತಿ ಸಲವೂ ಲ್ಯಾಬ್ ವರದಿ ಬೇಕು." ಉಸಿರು ತೆಗೆದುಕೊಂಡರು. "ನಾಲ್ಕು, ಈ ಡಬ್ಬ ಮುಟ್ಟುಗೋಲು."

"ಅಂಗಂದ್ರೆ?" ಎಂದರು ರಂಗಸ್ವಾಮಿ.

"ವಶಪಡಿಸಿಕೊಳ್ತೀನಿ."

"ಕೋಳಿ ತಿನ್ದೇ ಇರೋರು ನೀವು, ತಕ್ಕೊಂಡೋಗಿ ಏನ್ ಮಾಡೀರಿ ಸಾ?"

"ಇಟ್ಟುಕೊಳ್ತೀನಿ" ಎಂದು ಡಬ್ಬವನ್ನು ಎದೆಗವಚಿಕೊಂಡು ಬಸ್ಸು ಹತ್ತಿಬಿಟ್ಟರು. ಮೇಘಶ್ರೀ ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ರಂಗಸ್ವಾಮಿ ತಲೆಗೆ ಕೈ ಹಚ್ಚಿ, "ಕಾಯಂ ಗಿರಾಕಿ ಸಿಕ್ದಂಗಾಯ್ತು, ಓಗ್ಲಿ ಬುಡು" ಎಂದು ಬೀಗದ ಕೈ ಮಗಳ ಕೈಗೆ ಹಾಕಿದರು. ಈಗ ಅವರು ಟಿ‌ಲ್ಲರ್ ಹೊಡೆದುಕೊಂಡು ಗದ್ದೆಗೆ ಹೋದರೆ ಹಿಂದೆ ಹಳೇಕೋಟೆಯ ನಾಯಿಗಳೆಲ್ಲ ಮೆರವಣಿಗೆ ಹೋಗುತ್ತವೆ. ಊರಗೌಡರಿಗೂ ಅಂಥ ಮರ್ಯಾದೆ ಸಿಕ್ಕಿಲ್ಲ.

ಕೋಳಿಗಳು ನಮ್ಮ ಹಿತ್ತಲಿಗೆ ಬಂದವು. ನನ್ನ ಕೊತ್ತಂಬರಿ ಮಡಿಯ ಕತೆ ಮುಗಿಯಿತು, ದಾಸವಾಳದ ಬುಡ ಕೆದಕಿ ಹಾಳಾಯಿತು. ಯಜಮಾನರು ಅಡುಗೆಮನೆಗೆ ಬರುವುದನ್ನು ಬಿಟ್ಟು ಬೆಳಗ್ಗೆ ಸಂಜೆ ಹಿತ್ತಲಲ್ಲೇ ಇರುತ್ತಾರೆ, ಅದೊಂದು ಲಾಭ. ಸೂರ್ಯ ಮುಳುಗುವ ಮೊದಲು ಊಟಕ್ಕೆ ಕೂರುವ ಮುಂಚೆ ಒಂದು ಸಲ ಗೂಡಿಗೆ ಇಣುಕಿ, "ಎಲ್ಲ ಒಂದನೇ ಅಧ್ಯಾಯದಲ್ಲೇ ಇದಾವೆ" ಎಂದು ವರದಿ ಒಪ್ಪಿಸಿ ಕೈ ತೊಳೆಯುತ್ತಾರೆ.

ಯುಗಾದಿಯ ಮಾರನೇ ದಿನ ಹೊಸತೊಡಕು, ಮನೆ ಮನೆಯಲ್ಲೂ ಬಾಡೂಟ. ಊರಿನ ತುಂಬ ಮಸಾಲೆ ಅರೆಯುವ ಸದ್ದು. ನಮ್ಮವರು ಬೆಳಗ್ಗೆಯಿಂದ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿ, ಕೈಯಲ್ಲಿ ಕೋಲು ಹಿಡಿದು ಕಾವಲು ಕೂತಿದ್ದರು. ಮೇಘಶ್ರೀ ಮೊದಲನೇ ಹೊಂಗೆ ಡೀಸೆಲ್ಲಿನ ಕ್ಯಾನು ತಂದಿದ್ದಳು. ಅದು ಯಾರ ಹಸಿವನ್ನೂ ಕೆರಳಿಸದಂಥ ಕಹಿ ವಾಸನೆ ಹೊಡೆಯುತ್ತಿತ್ತು. ನಮ್ಮವರ ತೊಡೆಯ ಮೇಲೆ ಒಂದು ಕೋಳಿಮರಿ ಕಣ್ಣು ಮುಚ್ಚಿ ಕೂತಿತ್ತು. ಒಂದು ಕಾಲು ಸೊಟ್ಟ, ರೆಕ್ಕೆಯೂ ಸರಿಯಾಗಿ ಬಂದಿಲ್ಲ. ಎಲ್ಲದಕ್ಕಿಂತ ಅದೇ ಅವರಿಗೆ ಮುದ್ದು.

"ಅಷ್ಟೊಂದು ಚೆನ್ನಾಗಿರೋವು ಇದಾವಲ್ಲ ಸಾರ್, ಇದೇ ಯಾಕೆ?" ಎಂದು ಮೇಘಶ್ರೀ ಕೇಳಿದಳು.

"ಡಬ್ಬದಿಂದ ಕೊನೆಗೆ ಹೊರಗೆ ಬಂದದ್ದು ಇದು" ಎಂದರು ಅದರ ಬೆನ್ನು ಸವರುತ್ತಾ. "ಕೊನೆಗೆ ಬಂದದ್ದನ್ನ ಹಿಡಿದು ನಾನು ಯಾವತ್ತೂ ಕೆಟ್ಟಿಲ್ಲಮ್ಮ."

ನಾನು ಅಡುಗೆಮನೆಯ ಕಿಟಕಿಯಲ್ಲಿದ್ದದ್ದು ಅವರಿಗೆ ಗೊತ್ತಿರಲಿಲ್ಲ. ಆ ದಿನ ಮತ್ತೆ ಹೂರಣ ರುಬ್ಬಿದೆ. ಅವರ ಎಲೆಗೆ ಹೋಳಿಗೆ ಬಡಿಸಿದೆ, ಮೇಲೆ ತುಪ್ಪ ಸುರಿದೆ, ಬೇಡ ಬೇಡ ಎಂದರೂ ಇನ್ನೊಂದು ಹಾಕಿದೆ.